ಹನ್ನೊಂದು ಗಂಟೆಯ ಗಾಳಿ

“ಈ ಗಾಳಿ ಯಾರಪ್ಪಂದು?”

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಚಿಲಕದ ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಸೆಕ್ಯೂರಿಟಿ ಬಾಲರಾಜು ಹೀಗೆ ಕೇಳಿದಾಗ ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಕ್ಯಾಬಿನ್ನಿನ ನೆರಳಲ್ಲಿ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನೋಡಿ, ಇದು ತನಗೆ ಸಂಬಂಧಪಟ್ಟ ಪ್ರಶ್ನೆಯಲ್ಲವೆಂದು ಮತ್ತೆ ಮುಚ್ಚಿತು. ಮೊಳೆಗೆ ನೇತುಹಾಕಿದ್ದ ವಾಕಿಟಾಕಿ ಗೊರಗೊರ ಅಂದಿತು. ಅದೂ ಉತ್ತರವಲ್ಲ.

ಪ್ರಶ್ನೆ ಹುಟ್ಟಿದ್ದು ಆಗತಾನೆ ಬಂದುಹೋದ ಮ್ಯಾನೇಜರ್ ನರಸಯ್ಯನವರಿಂದ.

“ನೋಡಪ್ಪ ಬಾಲರಾಜು, ಇವತ್ತು ಯಜಮಾನ್ರು ಬರ್ತಿದ್ದಾರೆ. ಶನಿವಾರದ ರಾಹುಕಾಲ ಕಳೆದ ಮೇಲೆ, ಹನ್ನೊಂದರ ಸುಮಾರಿಗೆ. ನಿನ್ನ ಕಾಯಂ ಆರ್ಡರು ಟೈಪಾಗಿ ನನ್ನ ಮೇಜಿನ ಮೇಲೇ ಕೂತಿದೆ. ಅವರು ಖುಷಿಯಾಗಿದ್ರೆ ಸೈನು. ಇಲ್ಲಾಂದ್ರೆ ನೀನು ಇನ್ನೊಂದಷ್ಟು ವರ್ಷ ಟೆಂಪರರಿ.”

“ಅವ್ರನ್ನ ಖುಷಿ ಮಾಡಕ್ಕೆ ನಾನೇನ್ ಮಾಡ್ಬೇಕು ಸಾ?”

“ಹೊಸ ಪ್ರೆಸ್ ಮಷೀನು ಓಡ್ತಿರೋದನ್ನ ಅವರು ಕಣ್ಣಾರೆ ನೋಡ್ಬೇಕು. ಅದರ ಯೋಗ್ಯತೆ ನಿನಗೇ ಗೊತ್ತಲ್ಲ.”

ಬಾಲರಾಜುವಿಗೆ ಗೊತ್ತಿತ್ತು. ಹೊಸದೆಂಬುದು ಹೆಸರಿಗೆ ಮಾತ್ರ. ಯಾವುದೋ ದೇಶದಲ್ಲಿ ಮೂರು ತಲೆಮಾರು ದುಡಿದು ಬಂದ ಪ್ರೆಸ್ಸು ಅದು. ಸ್ವಿಚ್ಚು ಒತ್ತಿದರೆ ಹಬ್ಬದ ಎತ್ತಿನಂತೆ ಒಂದಿಷ್ಟು ಹೊತ್ತು ಕುಣಿಯುತ್ತಿತ್ತು. ಆಮೇಲೆ ಮೈ ಬಿಸಿಯಾಗಿ, ದೊಡ್ಡದಾಗಿ ಗುಟುರು ಹಾಕಿ ಕೂತರೆ ಸಂಜೆಯವರೆಗೆ ಬ್ರಹ್ಮನೇ ಬಂದರೂ ಏಳುತ್ತಿರಲಿಲ್ಲ.

“ಕಾರು ರಸ್ತೆ ತಿರುವಿನಲ್ಲಿ ಕಂಡ ತಕ್ಷಣ ವಾಕಿಟಾಕೀಲಿ ಒಂದು ಮಾತು ಹೇಳು. ನಾನು ಸ್ವಿಚ್ಚು ಒತ್ತೀನಿ. ಮೊದಲೇ ಹೇಳಿದ್ರೂ ಕೆಟ್ಟೆ, ತಡವಾಗಿ ಹೇಳಿದ್ರೂ ಕೆಟ್ಟೆ. ಬೆಂಕಿ ಬಿದ್ದೋರ ಥರ ಓಡಿಬಂದು ಹೇಳೋದು ಬೇಡ, ಯಜಮಾನ್ರ ಮುಂದೆ ಮಾನ ಹೋಗುತ್ತೆ.”

ಗೇಟಿನಿಂದ ಪ್ರೆಸ್ಸಿನ ಶೆಡ್ಡಿಗೆ ಇದ್ದ ಫೋನಿನ ತಂತಿಯನ್ನು ಇಲಿಗಳು ಪ್ರಸಾದವಾಗಿ ಸ್ವೀಕರಿಸಿದ್ದವು. ಮೊಬೈಲು ಬಂದು ನಾಲ್ಕಾರು ವರ್ಷವಾಗಿದ್ದರೂ ಅದರ ಸಿಗ್ನಲ್ಲು ಈ ಕಡೆಗೆ ಇನ್ನೂ ದಾರಿ ಕೇಳಿಕೊಂಡು ಬರುತ್ತಿತ್ತು. ಉಳಿದದ್ದು ವಾಕಿಟಾಕಿ ಒಂದೇ. ಒಂದು ಮಾತು ಹೇಳುವುದು ಕಷ್ಟವೂ ಅಲ್ಲ.

ಕಷ್ಟವೆಂದರೆ, ಹನ್ನೊಂದು ಗಂಟೆಯ ಗಾಳಿ ಈಗ ಅವರ ಫ್ಯಾಕ್ಟರಿಯದಾಗಿರಲಿಲ್ಲ. ಅದನ್ನು ಬಾಲರಾಜು ಒಂದು ನೀರಿನ ಟ್ಯಾಂಕಿಗೆ ಕೊಟ್ಟುಬಿಟ್ಟಿದ್ದ.

ಈ ಕತೆ ಒಸಿ ಹಿಂದಿನಿಂದ ಹೇಳಬೇಕು. ಯಜಮಾನರು ಬೆಂಗಳೂರಿನ ತಮ್ಮ ಇನ್ನೊಂದು ಕಾರ್ಖಾನೆಯನ್ನು ಮುಚ್ಚಿದಾಗ ಅಲ್ಲಿದ್ದ ವಾಕಿಟಾಕಿಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಇಲ್ಲಿಗೆ ಬಂದವು. ದಿಲ್ಲಿಯ ಸರ್ಕಾರದಿಂದ ಲೈಸೆನ್ಸು ಪಡೆದ ಸೆಟ್ಟುಗಳು. ಎಲ್ಲವೂ ಒಂದೇ ಚಾನೆಲ್ಲಿನಲ್ಲಿ ಮಾತಾಡುವಂಥವು. ಒಂದು ಸೆಟ್ಟು ಯಜಮಾನರ ಕಾರಿನಲ್ಲಿ ಸೀಟಿನ ಕೆಳಗೆ ಬಿದ್ದುಕೊಂಡಿತು, ಒಂದು ನರಸಯ್ಯನವರ ಡ್ರಾಯರು ಸೇರಿತು, ಒಂದು ಗೇಟಿಗೆ ಬಂತು. ಮಿಕ್ಕವು ಸುಮ್ಮನೆ ಧೂಳು ತಿನ್ನುವುದನ್ನು ನೋಡಲಾರದೆ ಬಾಲರಾಜು ಅವನ್ನು ಅಕ್ಕಪಕ್ಕದ ಫ್ಯಾಕ್ಟರಿಯವರಿಗೆ ಬಳಸಿಕೊಳ್ಳಲು ಕೊಟ್ಟ. ಪುಣ್ಯದ ಕೆಲಸವೆಂದೇ ಕೊಟ್ಟ. ಬಟ್ಟೆ ಫ್ಯಾಕ್ಟರಿಯವರು, ಊದುಬತ್ತಿಯವರು, ಪ್ಲಾಸ್ಟಿಕ್ ಟ್ಯಾಂಕಿನವರು, ಲಾರಿಯವರು ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟಾಗ ಗಾಳಿಯಲ್ಲಿ ಸಂತೆ ಎದ್ದಿತು. ಒಬ್ಬರ ಮಾತೂ ಇನ್ನೊಬ್ಬರಿಗೆ ಕೇಳಿಸಲಿಲ್ಲ.

ಆಗ ಬಾಲರಾಜುವಿನ ರಕ್ತ ಮಾತಾಡಿತು. ಅವನ ತಾತ ಮರಳವಾಡಿ ಕಡೆಯ ಒಂದು ಕೆರೆಗೆ ನೀರುಗಂಟಿಯಾಗಿದ್ದವನು. ಯಾವ ಗದ್ದೆಗೆ ಯಾವ ಹೊತ್ತು ನೀರು ಎಂದು ಸರದಿ ಹಂಚುತ್ತಿದ್ದವನು. ಕೆರೆ ಒಂದು, ಗದ್ದೆ ಹಲವು. ಗಾಳಿ ಒಂದು, ಬಾಯಿ ಹಲವು. ವ್ಯತ್ಯಾಸವೇನು? ಆಯುಧಪೂಜೆಯ ದಿನ ಸೆಟ್ಟುಗಳನ್ನೆಲ್ಲ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಎಲ್ಲರ ಕೈಯನ್ನೂ ಸೆಟ್ಟಿನ ಮೇಲೆ ಇಡಿಸಿ ಮಾರಮ್ಮನ ಹೆಸರಲ್ಲಿ ಆಣೆ ಮಾಡಿಸಿದ. ಒಬ್ಬೊಬ್ಬರಿಗೆ ಒಂದೊಂದು ಗಂಟೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕಬಾರದು. ಅವರು ಕರೆಯದೆ ಕಿವಿಯನ್ನೂ ಹಾಕಬಾರದು, ಸೆಟ್ಟು ಆರಿಸಬೇಕು. ತನ್ನ ಸರದಿಯನ್ನು ಯಾರಿಗೆ ಬೇಕಾದರೂ ಕೊಡಬಹುದು, ಬದಲಿಸಬಹುದು. ಆದರೆ ಕೊಟ್ಟ ಮೇಲೆ ಯುಗಾದಿಯವರೆಗೆ ವಾಪಸು ಕೇಳುವಂತಿಲ್ಲ.

“ಯಜಮಾನ್ರೇ ಬಂದು ಕೇಳಿದ್ರೂ ಸರದಿ ಅಂದ್ರೆ ಸರದಿ ಕಣ್ರಪ್ಪಾ,” ಎಂದು ಅಂದು ಎದೆ ತಟ್ಟಿಕೊಂಡಿದ್ದ. ಒಮ್ಮೆ ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಫ್ಯಾಕ್ಟರಿಯ ಸೆಕ್ಯೂರಿಟಿ ದೇವರಾಜ್ ಊದುಬತ್ತಿಯವರ ಸರದಿಯಲ್ಲಿ ಮಧ್ಯೆ ಮಾತಾಡಿ, ಅದೇ ದಿನ ಸಂಜೆ ಚರಂಡಿಗೆ ಬಿದ್ದ. ಅದು ಮಾರಮ್ಮನ ಕೆಲಸವೆಂದು ಇಡೀ ಏರಿಯಾಕ್ಕೆ ಸಾರಿದವನೂ ಬಾಲರಾಜುವೇ. ಚರಂಡಿಗೆ ಮುಚ್ಚಳವಿರಲಿಲ್ಲ ಎಂಬ ಮಾತನ್ನು ಅವನು ಎತ್ತಲಿಲ್ಲ.

ತನ್ನ ಫ್ಯಾಕ್ಟರಿಗೆ ಅವನು ಇಟ್ಟುಕೊಂಡಿದ್ದು ಹನ್ನೊಂದರ ಸರದಿ. ಅದು ಒಂದು ದಿನವೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದೇ ಸಮಯಕ್ಕೆ ದೇವರಾಜ್ ಬಳಿ ಒಂದು ವಾಲಿದ ಟ್ಯಾಂಕಿತ್ತು, ಅಚ್ಚಿನಲ್ಲೇ ಸೊಟ್ಟಗಾಗಿ ಮಾರಾಟಕ್ಕೆ ಬಾರದ್ದು. ಬಾಲರಾಜುವಿನ ಹೆಂಡತಿ ಲತಾಮಣಿಗೆ ಟ್ಯಾಂಕು ಬೇಕಿತ್ತು. ಗಾಳಿ ಹೋಯಿತು, ಟ್ಯಾಂಕು ಬಂತು. ಆರ್ಡರು ಟೈಪಾಗುವ ಸುದ್ದಿ ನಿನ್ನೆಯೇ ಕೇಳಿದ್ದ ಅದೇ ಲತಾಮಣಿ ಈಗ ಗಂಡ ಕಾಯಂ ಆದನೆಂದು ಬೀದಿಗೆಲ್ಲ ಹೇಳಿ, ಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದಳು.

ಬಾಲರಾಜು ಟೋಪಿ ಸರಿಮಾಡಿಕೊಂಡು ಪಕ್ಕದ ಗೇಟಿಗೆ ನಡೆದ.

“ಲೇ ದೇವ್ರಾಜ, ಇವತ್ತೊಂದಿನ ನನ್ನ ಹನ್ನೊಂದ್ ಗಂಟೆ ವಾಪಸ್ ಕೊಡ್ಲಾ. ಒಂದ್ ಮಾತಿಗೆ ಸಾಕು.”

ದೇವರಾಜ್ ಬೀಡಿ ಬಾಯಿಂದ ತೆಗೆಯದೆ ನಕ್ಕ. “ನನ್ನತ್ರ ಎಲ್ಲೈತ್ಲಾ? ನಮ್ಮಕ್ಕ ಹೊಂಗನೂರಿಗೆ ಮನೆ ಬದಲಾಯಿಸಿದ್ಲಲ್ಲ, ಮಂಚ ಬೀರು ಎಲ್ಲಾ ಸಾಗಿಸಕ್ಕೆ ರಸೂಲ್ ಲಾರಿ ಕಳಿಸ್ದ. ಅವನಿಗೆ ಕೊಟ್ಬುಟ್ಟೆ.”

“ನನ್ನ ಒಂದ್ಮಾತು ಕೇಳ್ಬಾರ್ದಾ?”

“ಯಾರಿಗೆ ಬೇಕಾದ್ರೂ ಕೊಡ್ಬೋದು ಅಂದೋನು ನೀನೇ ಅಲ್ವಾ? ಟ್ಯಾಂಕ್ ತಗೊಂಡೋಗುವಾಗ ಗಾಳಿ ಸಮಾಚಾರ ಕೇಳಿದ್ಯೇನ್ಲಾ? ಹೆಂಗೈತೆ ಟ್ಯಾಂಕು?”

“ವಾಲೈತೆ.”

“ನೀನೂ ವಾಲಿದ್ದೀಯ. ಒಸಿ ನೆಟ್ಟಗೆ ನಿಂತ್ಕೊ, ಯಜಮಾನ್ರು ಬತ್ತಾವ್ರೆ.”

ರಸೂಲ್ ಲಾರಿ ಸ್ಟ್ಯಾಂಡಿನಲ್ಲಿ ಟೀ ಗ್ಲಾಸಿಗೆ ಬನ್ನು ಅದ್ದುತ್ತಿದ್ದ. ಬಾಲರಾಜುವಿನ ಗೋಳನ್ನೆಲ್ಲ ಕೊನೆಯವರೆಗೆ ಕೇಳಿದ. ಕೇಳುವುದರಲ್ಲಿ ಅವನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ. ಕೇಳಿದ್ದಕ್ಕೆ ಏನಾದರೂ ಮಾಡುವುದರಲ್ಲಿ ಮಾತ್ರ ಅವನಷ್ಟು ಸಣ್ಣವನೂ ಇಲ್ಲ.

“ಬಾಲಣ್ಣ, ನೀನು ಕೇಳಿದ್ರೆ ನನ್ನ ಲಾರಿ ಕೊಡ್ತಿದ್ದೆ. ಆದ್ರೆ ಆ ಹನ್ನೊಂದು ಗಂಟೆ ನನ್ನ ಕೈಲಿಲ್ಲ.”

“ಅದನ್ನೂ ಯಾರಿಗೋ ಕೊಟ್ಬುಟ್ಯಾ?”

“ಚಿಕ್ಕಲಕ್ಷ್ಮಮ್ಮಂಗೆ ಕೊಟ್ಟೆ. ನಮ್ಮ ಹಮಾಲ್ರಿಗೆ ಮಧ್ಯಾಹ್ನದ ಮುದ್ದೆ, ಕೇಳಿದಷ್ಟು ಸಾರು. ಯುಗಾದಿವರ್ಗೂ. ಸೆಟ್ಟೂ ಅವಳತ್ರನೇ ಐತೆ.”

ದಿಲ್ಲಿ ಸರ್ಕಾರ ಸೀಲು ಒತ್ತಿ ಕೊಟ್ಟ ಗಾಳಿ ಟ್ಯಾಂಕಾಗಿ, ಲಾರಿಯಾಗಿ, ಈಗ ಸೊಪ್ಪಿನ ಸಾರಾಗಿತ್ತು. ಬಾಲರಾಜು ಮಾತ್ರ ನಿಷ್ಠೆಯಿಂದ ದಿನವೂ ಹನ್ನೊಂದಕ್ಕೆ ಸೆಟ್ಟು ಆರಿಸಿ, ಅಲ್ಲೇನು ನಡೆಯುತ್ತಿದೆಯೆಂದು ತಿಳಿಯದೆ ಕೂತಿದ್ದ.

ಚಿಕ್ಕಲಕ್ಷ್ಮಮ್ಮನ ಒಲೆ ಇದ್ದದ್ದು ರಸ್ತೆ ತಿರುವಿನ ಹೊಂಗೆಮರದ ಕೆಳಗೆ. ಸುತ್ತಲ ಫ್ಯಾಕ್ಟರಿಗಳ ಹೊಟ್ಟೆಯೆಲ್ಲ ಆ ಒಲೆಯಿಂದ ತುಂಬುತ್ತಿತ್ತು. ಬಾಲರಾಜು ಏದುಸಿರು ಬಿಡುತ್ತ ಬಂದಾಗ ಅವಳು ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯಲು ಇಟ್ಟು, ವಾಕಿಟಾಕಿಯನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಅದಕ್ಕೆ ಅರಿಶಿನ ಕುಂಕುಮದ ಜೊತೆ ಇವತ್ತು ಒಂದು ಕನಕಾಂಬರ ಹೂವೂ ಸಿಕ್ಕಿತ್ತು.

“ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಹನ್ನೊಂದ್ ಗಂಟೆ ಇವತ್ತೊಂದಿನ ನನಗೆ ಬಿಡು.”

“ಬೀಳ್ಬೇಡ, ಒಲೆ ಐತೆ,” ಅಂದಳು ಚಿಕ್ಕಲಕ್ಷ್ಮಮ್ಮ. “ಹನ್ನೊಂದಕ್ಕೆ ಸೆಟ್ಟು ಹಾಕ್ಕೊಂಡಿರಿ ಅಂತ ಊಟ ತರಿಸ್ಕೊಳೋ ಫ್ಯಾಕ್ಟ್ರಿಯೋರಿಗೆಲ್ಲಾ ಹೇಳಿಟ್ಟಿದ್ದೀನಿ, ಯಾರ್ಯಾರಿಗೆ ಎಷ್ಟು ಮುದ್ದೆ ಅಂತ ಕೇಳ್ತೀನಿ. ಮೊದ್ಲು ಅಂದಾಜಿಗೆ ಮಾಡಿ ಸಂಜೆ ದನಕ್ಕೆ ಹಾಕ್ತಿದ್ದೆ. ಈಗ ಒಂದು ಮುದ್ದೆ ಮಿಗಲ್ಲ. ನಿನಗೆ ಬಿಟ್ರೆ ಇವರ ಹೊಟ್ಟೆಗೆ ನೀನು ಹಾಕ್ತೀಯಾ?”

“ಒಂದೇ ಮಾತು ಅಕ್ಕಾ. ‘ಕಾರು ಬಂತು’ ಅನ್ನೋದು. ನನ್ನ ಕಾಯಂ ಆರ್ಡರು ಅದರ ಮೇಲೆ ನಿಂತೈತೆ.”

ಅವಳು ತಿರುವಿನ ಕಡೆ ನೋಡಿದಳು, ಎಸರಿನ ಕಡೆ ನೋಡಿದಳು, ಬಾಲರಾಜುವಿನ ತೋಳಿನ ಕಡೆ ನೋಡಿದಳು.

“ನನ್ನ ತಂಗಿ ಮಗ್ಳು ಸೌಮ್ಯ ಇವತ್ತು ಬಂದಿಲ್ಲ. ಹಿಟ್ಟು ತಿರುವೋರು ಯಾರೂ ಇಲ್ಲ. ನೀನು ತಿರುವು, ನಾನು ಮಾತಾಡ್ತೀನಿ. ಕಾರು ಈ ತಿರುವಿನಲ್ಲೇ ತಾನೆ ಬರೋದು? ಕಂಡ್ರೆ ನನ್ನ ಸರದೀಲಿ ನಾನೇ ಹೇಳ್ತೀನಿ. ಆಣೆನೂ ಮುರಿಯಕಿಲ್ಲ, ಮುದ್ದೆನೂ ಕೆಡಕಿಲ್ಲ.”

ಬಾಲರಾಜುವಿಗೆ ಕಣ್ಣಲ್ಲಿ ನೀರು ಬಂತು. ಅರ್ಧ ಕೃತಜ್ಞತೆ, ಅರ್ಧ ಹೊಗೆ. ನರಸಯ್ಯನವರಿಗೆ ಸೆಟ್ಟು ಚಾಲೂ ಇಟ್ಟುಕೊಂಡಿರಲು ಹೇಳಿಕಳಿಸಿ, ಟೋಪಿ ತೆಗೆದು ಹೊಂಗೆ ಕೊಂಬೆಗೆ ನೇತುಹಾಕಿ, ಅಂಗಿಯನ್ನೂ ಬಿಚ್ಚಿಟ್ಟು ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ಎಸರಿಗೆ ಹಿಟ್ಟು ಸುರಿದು ಮುದ್ದೆಕೋಲನ್ನು ಅವನ ಕೈಗಿಟ್ಟಳು.

“ಕೈ ಬಿಟ್ರೆ ಗಂಟಾಯ್ತದೆ. ಗಂಟಾದ್ರೆ ಹಮಾಲ್ರು ನನ್ನ ಸುಮ್ನೆ ಬಿಡಕಿಲ್ಲ, ನಾನು ನಿನ್ನ ಸುಮ್ನೆ ಬಿಡಕಿಲ್ಲ.”

ಹನ್ನೊಂದಾಯಿತು. ಚಿಕ್ಕಲಕ್ಷ್ಮಮ್ಮ ಸೆಟ್ಟಿಗೆ ಕೈಮುಗಿದು ಗುಂಡಿ ಒತ್ತಿದಳು. “ಬಟ್ಟೆ ಫ್ಯಾಕ್ಟ್ರಿಯೋರು ಮೊದ್ಲು ಮಾತಾಡಿ. ಮಿಕ್ಕೋರು ತೆಪ್ಪಗಿರಿ.”

ಗಾಳಿಯಲ್ಲಿ ಬಟ್ಟೆ ಫ್ಯಾಕ್ಟರಿಯ ಅಮೀರುನ್ನೀಸಾಳ ದನಿ ಬಂತು. ಮುದ್ದೆ ಇಷ್ಟು, ಅನ್ನ ಇಷ್ಟು, ನಿನ್ನೆ ಬಸ್ಸಾರಿಗೆ ಉಪ್ಪು ಕಡಿಮೆಯಿತ್ತು. ಚಿಕ್ಕಲಕ್ಷ್ಮಮ್ಮ ಉಪ್ಪಿನ ವಿಚಾರಕ್ಕೆ ಜವಾಬು ಕೊಡಲು ಶುರುಮಾಡಿದಳು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕೆಮ್ಮಲಿಲ್ಲ ಕೂಡ. ದೇವಸ್ಥಾನದಲ್ಲಿ ಗಮಕಿಗಳು ಪದ್ಯ ಹಾಡುವಾಗ ವ್ಯಾಖ್ಯಾನಕಾರರು ಕೈಕಟ್ಟಿ ಕಾಯುವಂಥ ಶಿಸ್ತು. ಬಾಲರಾಜುವಿಗೆ ಹೆಮ್ಮೆಯಾಯಿತು. ತಾತ ಇದ್ದಿದ್ದರೆ ಎಂದುಕೊಳ್ಳುವಷ್ಟರಲ್ಲಿ ತಿರುವಿನಲ್ಲಿ ಬಿಳಿ ಕಾರು ಕಂಡಿತು.

“ಅಕ್ಕಾ, ಕಾರು.”

ಚಿಕ್ಕಲಕ್ಷ್ಮಮ್ಮ ಅಂಗೈ ತೋರಿಸಿದಳು, ತಡಿ ಎಂದು. ಉಪ್ಪಿನ ಮಾತು ಮುಗಿದಿರಲಿಲ್ಲ.

“ಅಕ್ಕಾ, ಬಂತು ಕಣಕ್ಕಾ, ಹೇಳು.”

“ಸರದೀಲಿ ಮಧ್ಯ ಬಾಯಿ ಹಾಕ್ಬಾರ್ದು ಅಂದೋನು ನೀನೇ ಅಲ್ವಾ? ಆಯಮ್ಮ ಮುಗಿಸ್ಲಿ. ನೀನು ತಿರುವು.”

ಬಾಲರಾಜು ಏಳಲು ನೋಡಿದ. ಆಗಲೇ ಹಿಟ್ಟು ಗಟ್ಟಿಯಾಗಿ ಕೋಲನ್ನು ಕಚ್ಚಿ ಹಿಡಿದಿತ್ತು. ಕೋಲು ಬರಲಿಲ್ಲ, ಬಿಟ್ಟರೆ ಗಂಟು. ಪುರಾಣ ಶ್ರವಣದಲ್ಲಿ ರಥದ ಗಾಲಿ ನೆಲದಲ್ಲಿ ಹೂತುಕೊಂಡ ಘಟ್ಟ ಬಂದಾಗ ಅವನು ಎಷ್ಟೋ ಸಲ ಕಣ್ಣೀರು ಹಾಕಿದ್ದ. ಆ ವೀರನಿಗಾದರೂ ಎದುರಿಗೆ ಶತ್ರುವಿದ್ದ. ಇವನಿಗೆ ರಾಗಿ ಹಿಟ್ಟು.

ಕಾರು ಗೇಟಿನ ಕಡೆ ಹೋಗಲಿಲ್ಲ. ನಿಧಾನವಾಗಿ ಬಂದು ಹೊಂಗೆಮರದ ಕೆಳಗೇ ನಿಂತಿತು. ಬಾಗಿಲು ತೆರೆದು ಯಜಮಾನರು ಇಳಿದರು. ಅವರ ಕೈಯಲ್ಲಿ ಒಂದು ವಾಕಿಟಾಕಿ ಇತ್ತು, ಸೀಟಿನ ಕೆಳಗಿನ ಧೂಳು ಇನ್ನೂ ಅದರ ಮೇಲಿತ್ತು. ಅದರಿಂದ ಅಮೀರುನ್ನೀಸಾ ಮಾತಾಡುತ್ತಿದ್ದಳು.

“ಇಲ್ಲೇನಾ ಆ ಬಸ್ಸಾರು?” ಅಂದರು ಯಜಮಾನರು.

ಚಿಕ್ಕಲಕ್ಷ್ಮಮ್ಮ ಗಾಬರಿಯಾಗಲಿಲ್ಲ. ಊಟಕ್ಕೆ ಬಂದವರೆಲ್ಲ ಅವಳಿಗೆ ಒಂದೇ. “ಕೂತ್ಕೊಳಿ ಬುದ್ಧಿ, ಮುದ್ದೆ ಆಗ್ತಾ ಐತೆ,” ಎಂದು ಕಲ್ಲಿನ ಮೇಲೆ ಚೀಲ ಹಾಸಿದಳು. ಬಾಲರಾಜುವಿನ ಹಿಟ್ಟಿನಿಂದಲೇ ಒಂದು ಮುದ್ದೆ ಕಟ್ಟಿ, ತಟ್ಟೆಯ ತುಂಬ ಸಾರು ಹೊಯ್ದು ಮುಂದಿಟ್ಟಳು. ಆಮೇಲೆ ಕೊಟ್ಟ ಮಾತು ನೆನಪಾಯಿತು. ಅವಳು ಮಾತಿಗೆ ತಪ್ಪುವವಳಲ್ಲ. ಗುಂಡಿ ಒತ್ತಿದಳು.

“ಚಿಲಕದ ಫ್ಯಾಕ್ಟ್ರಿಯೋರೇ, ನಿಮ್ಮ ಯಜಮಾನ್ರ ಕಾರು ಬಂತು.”

ದೂರದ ಶೆಡ್ಡಿನಲ್ಲಿ ನರಸಯ್ಯನವರು ಸ್ವಿಚ್ಚು ಒತ್ತಿದ್ದು ಹೊಂಗೆಮರದವರೆಗೂ ಕೇಳಿಸಿತು. ಪ್ರೆಸ್ಸು ಕುಣಿಯಿತು. ಯಜಮಾನರು ಮುದ್ದೆ ಮುರಿದರು. ಪ್ರೆಸ್ಸು ಇನ್ನೂ ಕುಣಿಯಿತು. ಯಜಮಾನರು ಇನ್ನೊಂದು ತುತ್ತು ಸಾರಿಗೆ ಅದ್ದಿದರು. ಅವರು ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ ಶೆಡ್ಡಿನಿಂದ ಒಂದು ದೊಡ್ಡ ಗುಟುರು ಕೇಳಿ, ಮರದ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. ಆಮೇಲೆ ನಿಶ್ಶಬ್ದ.

ಬಾಲರಾಜುವಿನ ಎದೆಯಲ್ಲೂ ಏನೋ ಗುಟುರು ಹಾಕಿ ಕೂತಿತು.

ಯಜಮಾನರು ತಲೆಯೆತ್ತಿದರು. ಅವರ ಕಣ್ಣು ಕೆಂಡದಂತೆ ಕೆಂಪಾಗಿತ್ತು, ಹಣೆಯ ನರ ಉಬ್ಬಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಕಂಬ ಒಡೆದು ಬಂದ ಉಗ್ರಮೂರ್ತಿಗೂ ಇಷ್ಟು ಕಳೆ ಇದ್ದೀತೋ ಇಲ್ಲವೋ.

“ಹಾರೋಹಳ್ಳಿ ಸರ್ಕಲ್ಲಿನಿಂದ ಕೇಳ್ತಾ ಬಂದೆ,” ಅಂದರು ದಪ್ಪ ದನಿಯಲ್ಲಿ. “ನನ್ನ ಲೈಸೆನ್ಸು, ನನ್ನ ಚಾನೆಲ್ಲು. ಅದರಲ್ಲಿ ಒಂದು ಊರೇ ಸಂಸಾರ ಮಾಡ್ತಾ ಇದೆ. ಒಬ್ಬರು ನನ್ನ ಗಂಟೆ ಅಂತಾರೆ, ಒಬ್ಬರು ನಿನ್ನ ಸರದಿ ಅಂತಾರೆ, ಇನ್ನೊಬ್ಬರು ಮಾರಮ್ಮನ ಆಣೆ ಅಂತಾರೆ. ಈ ಸರದಿ ಪದ್ಧತಿ ಯಾರು ಮಾಡಿದ್ದು?”

ಬಾಲರಾಜು ಆ ಕಣ್ಣು ನೋಡಿದ. ಕಾಯಂ ಆರ್ಡರು ಹೋದದ್ದು ಹೋಯಿತು, ಇರುವ ಟೆಂಪರರಿಯಾದರೂ ಉಳಿಯಲಿ ಎಂದುಕೊಂಡು ಮುದ್ದೆಕೋಲಿನ ಸಮೇತ ಕೈಯೆತ್ತಿ ತೋರಿಸಿದ.

“ಅಕ್ಕ ಸಾ. ಎಲ್ಲಾ ಅಕ್ಕಂದೇ.”

“ಗಂಟೆ ಹಂಚಿದ್ದು?”

“ಅಕ್ಕನೇ ಸಾ.”

“ಆಣೆ ಮಾಡಿಸಿದ್ದು?”

“ಅದೂ ಅಕ್ಕನೇ. ನಾನು ಬೇಡ ಬೇಡ ಅಂತ ಎಷ್ಟು ಹೇಳ್ದೆ ಸಾ. ಕೇಳ್ಲಿಲ್ಲ.”

ಚಿಕ್ಕಲಕ್ಷ್ಮಮ್ಮ ಬಾಲರಾಜುವಿನ ಮುಖವನ್ನು ಒಂದು ಗಳಿಗೆ ನೋಡಿದಳು. ಮಜ್ಜಿಗೆಯ ಚೊಂಬನ್ನು ಯಜಮಾನರ ಕೈಗೆ ಕೊಡುತ್ತ, “ಊಂ ಬುದ್ಧಿ, ನಂದೇ,” ಅಂದಳು. “ಬಸ್ಸಾರಿಗೆ ಇವತ್ತು ಒಸಿ ಖಾರ ಜಾಸ್ತಿ ಆಗೈತೆ. ಮಜ್ಜಿಗೆ ಕುಡೀರಿ.”

ಯಜಮಾನರು ಗಟಗಟನೆ ಕುಡಿದರು. ಕಣ್ಣಿನ ಕೆಂಪು ಇಳಿಯಿತು, ನರ ಇಳಿಯಿತು, ಹೊಳ್ಳೆಗಳು ತಮ್ಮ ಜಾಗಕ್ಕೆ ಬಂದವು. ಅದರ ಕೆಳಗಿನಿಂದ ಹಬ್ಬದ ಹೋಳಿಗೆಯಂಥ ಒಂದು ನಗು ಹೊರಬಂತು.

“ಈ ಲೈಸೆನ್ಸಿನಿಂದ ನಯಾಪೈಸೆ ಉಪಯೋಗವಿಲ್ಲ, ಸರ್ಕಾರಕ್ಕೆ ವಾಪಸು ಮಾಡಿಬಿಡೋಣ ಅಂತಲೇ ಇವತ್ತು ಬಂದದ್ದಮ್ಮ ನಾನು. ಬೆಂಗಳೂರಿನಲ್ಲಿ ಕೋಟು ಹಾಕ್ಕೊಂಡೋರು ವರ್ಷಗಟ್ಟಲೆ ಮೀಟಿಂಗು ಮಾಡ್ತಾರೆ, ಖಾಲಿ ಬಿದ್ದ ರೇಡಿಯೋ ತರಂಗಾನ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿಸೋದು ಅಂತ. ನೀವು ಒಲೆ ಮುಂದೆ ಕೂತು ಮಾಡಿ ಮುಗಿಸಿದ್ದೀರಿ.”

ಅಷ್ಟರಲ್ಲಿ ನರಸಯ್ಯನವರು ಬೆಂಕಿ ಬಿದ್ದವರ ಥರ ಓಡಿಬಂದರು. ವಿಷಯ ತಿಳಿದ ಕೂಡಲೇ ಅಡ್ಡ ಬಾಯಿ ಹಾಕಿದರು. “ಸರ್, ಇದು ಕೇಂದ್ರ ಸರ್ಕಾರದ ಲೈಸೆನ್ಸು. ಹೀಗೆ ಕೈ ಬದಲಾಯಿಸೋ ಹಾಗಿಲ್ಲ.”

“ಗೊತ್ತು ನರಸಯ್ಯ. ಇವತ್ತಲ್ಲ ನಾಳೆ ಸರ್ಕಾರವೇ ಇದಕ್ಕೊಂದು ಸಂತೆ ಕಟ್ಟುತ್ತೆ. ನನ್ನ ವಕೀಲರು ಸುಮ್ನೆ ಕೂತು ಸಂಬಳ ತಗೋತಿದ್ದಾರೆ, ಅಲ್ಲೀವರೆಗೆ ಒಪ್ಪಿಗೆ ತರೋಕೆ ಅವರು ಓಡಾಡಲಿ. ಈ ಸರದಿ ನೋಡಿಕೊಳ್ಳೋಕೆ ನಮ್ಮಲ್ಲಿ ಒಂದು ಹುದ್ದೆ ಮಾಡಿ. ಈಯಮ್ಮನಿಗೆ ಕೊಡಿ. ಕಾಯಂ.”

“ನಾನು ಒಲೆ ಬಿಡಕಿಲ್ಲ ಬುದ್ಧಿ,” ಅಂದಳು ಚಿಕ್ಕಲಕ್ಷ್ಮಮ್ಮ.

“ಬಿಡಬೇಡಿ. ಒಲೆ ಮರದ ಕೆಳಗಿರಲಿ, ಸೆಟ್ಟು ಇಡೋಕೆ ಒಂದು ನೆರಳು ಬೇಕು. ಗೇಟಿನ ಕ್ಯಾಬಿನ್ನು ಇದೆಯಲ್ಲ, ಅದನ್ನ ಕೊಡಿಸ್ತೀನಿ. ಟೈಪಾದ ಆರ್ಡರು ಏನಾದ್ರೂ ಇದೆಯಾ ನರಸಯ್ಯ?”

“ಇದೆ ಸರ್, ಒಂದಿದೆ.” ನರಸಯ್ಯನವರು ಬಾಲರಾಜುವಿನ ಕಡೆ ನೋಡಲಿಲ್ಲ. “ಹೆಸರೊಂದು ತಿದ್ದಿದ್ರೆ ಆಯ್ತು.”

ಯಜಮಾನರು ಎದ್ದು ಕೈ ತೊಳೆದುಕೊಂಡರು. ಹೋಗುವಾಗ ಬನಿಯನ್ನಿನಲ್ಲಿ, ಮೊಣಕೈವರೆಗೆ ಹಿಟ್ಟಾಗಿ ನಿಂತಿದ್ದವನನ್ನು ಗಮನಿಸಿ, “ಇವನು ನಿಮ್ಮ ಅಡಿಗೆ ಸಹಾಯಕನೇನಮ್ಮ? ಮುದ್ದೆ ಚೆನ್ನಾಗಿ ತಿರುವಿದ್ದಾನೆ. ಒಂದೂ ಗಂಟಿಲ್ಲ,” ಅಂದರು.

ಹೊಂಗೆ ಕೊಂಬೆಯ ಮೇಲೆ ಸೆಕ್ಯೂರಿಟಿ ಟೋಪಿ ಗಾಳಿಗೆ ಆಡುತ್ತಿತ್ತು.

ಕಾರಿನ ಬಾಗಿಲು ಹಾಕುವ ಮುಂಚೆ ಯಜಮಾನರು ನರಸಯ್ಯನವರಿಗೆ ಇನ್ನೊಂದು ಮಾತು ಹೇಳಿದ್ದು ಬಾಲರಾಜುವಿನ ಕಿವಿಗೂ ಬಿತ್ತು. “ಪ್ರೆಸ್ಸು ಇವತ್ತು ನೋಡೋಕಾಗಲಿಲ್ಲ. ಮುಂದಿನ ತಿಂಗಳು ಇದೇ ಹೊತ್ತಿಗೆ ಬರ್ತೀನಿ. ಓಡ್ತಾ ಇರಬೇಕು. ಬೇರೆ ಯಾರನ್ನಾದ್ರೂ ಕಾಯಂ ಮಾಡೋದಿದ್ರೆ ಅವತ್ತು ನೋಡೋಣ.”

ಕಾರು ಹೋಯಿತು. ನರಸಯ್ಯನವರು ಬಾಲರಾಜುವಿನ ಹತ್ತಿರ ಬಂದು, “ಕೇಳಿಸಿಕೊಂಡೆಯಲ್ಲ? ಮುಂದಿನ ತಿಂಗಳು. ಹನ್ನೊಂದಕ್ಕೆ. ಕಾರು ತಿರುವಿನಲ್ಲಿ ಕಂಡ ತಕ್ಷಣ ಒಂದು ಮಾತು,” ಎಂದು ಹೇಳಿ, ತಣ್ಣಗೆ ಕೂತ ಪ್ರೆಸ್ಸಿಗೆ ಸಮಾಧಾನ ಹೇಳಲು ಹೊರಟುಹೋದರು.

ಬಾಲರಾಜುವಿಗೆ ಬೀದಿ ತುಂಬ ಹಂಚಲು ಸಿದ್ಧವಾಗುತ್ತಿದ್ದ ಒಬ್ಬಟ್ಟು ಕಣ್ಣಮುಂದೆ ಬಂತು. ಲತಾಮಣಿಯ ಮುಖವೂ ಬಂತು. ಅವನು ಅಂಗಿ ಹಾಕಿಕೊಂಡು, ಟೋಪಿ ಇಳಿಸಿಕೊಂಡು, ಅದನ್ನು ತಲೆಗೆ ಹಾಕದೆ ಎರಡೂ ಕೈಯಲ್ಲಿ ಹಿಡಿದು ಒಲೆಯ ಮುಂದೆ ಬಂದು ನಿಂತ. ಚಿಕ್ಕಲಕ್ಷ್ಮಮ್ಮ ಮುದ್ದೆಗಳನ್ನು ಎಣಿಸದೆ ಬುಟ್ಟಿಗೆ ಜೋಡಿಸುತ್ತಿದ್ದಳು; ಎಣಿಕೆ ಗಾಳಿಯಲ್ಲಿ ಆಗಿಹೋಗಿತ್ತು.

“ಅಕ್ಕಾ.”

“ಹೇಳು.”

“ತಪ್ಪಾಯ್ತು ಕಣಕ್ಕಾ. ಯಜಮಾನ್ರ ಕಣ್ಣು ನೋಡಿ ಹೆದರ್ಕೊಂಡ್ಬುಟ್ಟೆ. ನಿನಗೂ ಒಳ್ಳೇದೇ ಆಯ್ತಲ್ಲ. ಕ್ಯಾಬಿನ್ ತಗೋ, ನಾನು ಬಿಸಿಲಲ್ಲಿ ನಿಂತ್ಕೋತೀನಿ. ಬರೋ ತಿಂಗ್ಳು ಅವ್ರು ಬರೋ ದಿನ ಒಂದೇ ಒಂದ್ ಸಲ, ಹನ್ನೊಂದ್ ಗಂಟೆ ಗಾಳಿ ನನಗೆ ಕೊಡಕ್ಕಾ. ಬೇಕಾದ್ರೆ ಆ ಟ್ಯಾಂಕ್ ತಂದು ಕೊಡ್ತೀನಿ.”

ಚಿಕ್ಕಲಕ್ಷ್ಮಮ್ಮ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕೊಡಕಿಲ್ಲ,” ಅಂದಳು.